ದುರ್ಗದ ಪಡಸಾಲೆಯಲ್ಲಿ ಬೆಣ್ಣೆಹಣ್ಣಿನ ಗಿಡ

ಮೊದಲು ಕಂದುವುದು ಎಲೆಯ ತುದಿ. ಫೆಬ್ರುವರಿ ಕಳೆಯುವಷ್ಟರಲ್ಲಿ ಆ ಕಂದು ಅಂಚಿನಗುಂಟ ಹಬ್ಬುತ್ತದೆ. ಯುಗಾದಿಯ ಹೊತ್ತಿಗೆ ಎಲೆಯ ನಡುವಲ್ಲಿ ಮಾತ್ರ ಹಸಿರು ಉಳಿದು, ಸುತ್ತಲೂ ಸುಟ್ಟ ಕಾಗದದಂಥ ಒಣಪಟ್ಟಿ ನಿಂತಿರುತ್ತದೆ. ಚಿತ್ರದುರ್ಗದಲ್ಲಿ ಬೆಣ್ಣೆಹಣ್ಣಿನ ಬೀಜ ಊರಿ, ಕುಂಡದಲ್ಲಿ ಗಿಡ ಎಬ್ಬಿಸಿದವರು ಈ ಎಲೆಯನ್ನು ಕಂಡೇ ಇರುತ್ತಾರೆ. ನೆರೆಮನೆಯವರು ಬಂದು ನೋಡಿ, "ನಮ್ಮೂರ ಬಿಸ್ಲು ಕಣಮ್ಮ, ಮಲೆನಾಡ ಗಿಡ ಇಲ್ಲಿ ನಿಲ್ಲಲ್ಲ" ಅನ್ನುತ್ತಾರೆ. ಮನೆಯವರು ಅಯ್ಯೋ ಪಾಪ ಎಂದು ಇನ್ನೊಂದು ಚೊಂಬು ಬೋರಿನ ನೀರು ಹೊಯ್ಯುತ್ತಾರೆ. ವಾರ ಕಳೆದರೆ ಇನ್ನಷ್ಟು ಎಲೆ ಸುಟ್ಟಿರುತ್ತವೆ.

ಬಿಸಿಲಿನ ಮೇಲೆ ಹೊರಿಸುವ ಈ ಅಪವಾದ ಸರಿಯಲ್ಲ. ಪಡಸಾಲೆಯ ನೆರಳಲ್ಲಿರುವ ಗಿಡದ ಮೇಲೆ ನೇರ ಬಿಸಿಲು ಬಿದ್ದೇ ಇರುವುದಿಲ್ಲ. ಸುಡುತ್ತಿರುವುದು ಚೊಂಬಿನಲ್ಲಿದ್ದ ಉಪ್ಪು. ಹಣ್ಣಿನ ಮರಗಳಲ್ಲಿ ಉಪ್ಪನ್ನು ಬಹಳ ಕಡಿಮೆ ತಾಳುವಂಥವುಗಳ ಸಾಲಿನಲ್ಲಿ ಬೆಣ್ಣೆಹಣ್ಣು ಮುಂದಿದೆ. ಅದರಲ್ಲೂ ಕ್ಲೋರೈಡ್ ಎಂದರೆ ಅದಕ್ಕೆ ಆಗುವುದೇ ಇಲ್ಲ. ಬೇರು ನೀರಿನೊಂದಿಗೆ ಕ್ಲೋರೈಡನ್ನೂ ಹೀರುತ್ತದೆ. ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಉಪ್ಪು ಹೋಗಲಾರದೆ ನೀರಿನ ಹಾದಿ ಮುಗಿಯುವ ಕಡೆ, ಅಂದರೆ ತುದಿಯಲ್ಲಿ ಮತ್ತು ಅಂಚಿನಲ್ಲಿ ಕೂಡುತ್ತ ಹೋಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಹೊಲದಲ್ಲಾದರೆ ಒಂದು ಜಡಿಮಳೆ ಬಂದು ಮಣ್ಣಿನ ಉಪ್ಪನ್ನು ಆಳಕ್ಕೆ ತೊಳೆದುಬಿಡುತ್ತದೆ. ಮನೆಯೊಳಗಿನ ಕುಂಡಕ್ಕೆ ಮಳೆ ಬೀಳುವುದಿಲ್ಲ. ಹೊಯ್ದ ಒಂದೊಂದು ಚೊಂಬಿನ ಉಪ್ಪೂ ಅಲ್ಲೇ ಉಳಿಯುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಬೆಣ್ಣೆಹಣ್ಣಿನ ಗಿಡವನ್ನು ದುರ್ಗದ ಮನೆಯೊಳಗೆ ಚೆನ್ನಾಗಿ ಬೆಳೆಸಬಹುದು, ಅದಕ್ಕೆ ಮಳೆನೀರು ಎತ್ತಿಡುವುದಾದರೆ. ಮಿಕ್ಕ ಆರೈಕೆಯೆಲ್ಲ ಇದರ ನಂತರದ ಮಾತು.

ಬೀಜ ಸಿಗುವುದು ಸುಲಭ. ಮೇ, ಜೂನ್ ಬಂತೆಂದರೆ ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಿಂದ ಹಸಿರು ಸಿಪ್ಪೆಯ ದಪ್ಪ ಹಣ್ಣುಗಳು ಇಳಿಯುತ್ತವೆ. ಜ್ಯೂಸ್ ಅಂಗಡಿಯ ಹಲಗೆಯಲ್ಲಿ 'ಬಟರ್ ಫ್ರೂಟ್' ಎಂಬ ಹೆಸರು ಏರುತ್ತದೆ. ಹಾಲು ಸಕ್ಕರೆ ಹಾಕಿ ರುಬ್ಬಿ ಕೊಡುವ ಅಂಗಡಿಯವರ ಬಕೆಟ್ಟಿನಲ್ಲಿ ಸಂಜೆಯ ಹೊತ್ತಿಗೆ ನಿಂಬೆಹಣ್ಣಿನಷ್ಟು ದೊಡ್ಡ ಬೀಜಗಳು ತುಂಬಿರುತ್ತವೆ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಅಂದಿನ ಬೀಜವನ್ನೇ ಕೇಳಿ ತರಬೇಕು. ರಾಗಿ, ಹುರುಳಿಯಂತೆ ಒಣಗಿಸಿ ಎತ್ತಿಡುವ ಬೀಜ ಇದಲ್ಲ, ತೇವ ಆರಿದರೆ ಒಳಗಿನ ಜೀವವೂ ಹೋಗುತ್ತದೆ. ಬಿಸಿಲಿಗೆ ಬಿದ್ದು ಸಿಪ್ಪೆ ಸುಲಿದುಕೊಂಡಿರುವ, ಬಿರುಕು ಬಿಟ್ಟು ಹಗುರಾದ ಬೀಜವನ್ನು ತಂದು ತಿಂಗಳುಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ.

ಈಗ ಸೂಪರ್‌ ಮಾರ್ಕೆಟ್ಟುಗಳಲ್ಲಿ ಇನ್ನೊಂದು ಬಗೆಯ ಹಣ್ಣೂ ಕಾಣುತ್ತಿದೆ. ಚಿಕ್ಕ ಗಾತ್ರ, ಒರಟು ಸಿಪ್ಪೆ, ಹಣ್ಣಾದಾಗ ಕಪ್ಪು. ಅದು ಹ್ಯಾಸ್. ತಾಂಜಾನಿಯ ಮುಂತಾದ ದೇಶಗಳಿಂದ ಬರುತ್ತದೆ, ಬೆಲೆಯೂ ಹೆಚ್ಚು. ದುಬಾರಿ ಹಣ್ಣಿನ ಬೀಜದಿಂದ ಒಳ್ಳೆಯ ಗಿಡ ಬರುತ್ತದೆ ಎಂದು ಅದನ್ನೇ ಹುಡುಕಿ ಊರುವವರಿದ್ದಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಅದು ತಪ್ಪು ಆಯ್ಕೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಬೆಣ್ಣೆಹಣ್ಣಿನಲ್ಲಿ ಮೂರು ಕುಲಗಳಿವೆ. ಮೆಕ್ಸಿಕೋದ ಎತ್ತರದ ಬೆಟ್ಟಗಳದ್ದು ಒಂದು, ಗ್ವಾಟೆಮಾಲದ್ದು ಒಂದು, ಬಿಸಿ ಕರಾವಳಿ ಬಯಲಿನದು ಮತ್ತೊಂದು. ಈ ಮೂರನೆಯದನ್ನು ವೆಸ್ಟ್ ಇಂಡಿಯನ್ ಎಂದು ಕರೆಯುತ್ತಾರೆ. ಚಳಿಯನ್ನು ಚೆನ್ನಾಗಿ ತಾಳುವುದು ಮೆಕ್ಸಿಕನ್, ಉಪ್ಪನ್ನು ಹೆಚ್ಚು ತಾಳುವುದು ವೆಸ್ಟ್ ಇಂಡಿಯನ್. ಹ್ಯಾಸ್ ಹುಟ್ಟಿದ್ದು ಗ್ವಾಟೆಮಾಲ ಮತ್ತು ಮೆಕ್ಸಿಕನ್ ಕುಲಗಳು ಬೆರೆತು. ಹೀಗಾಗಿ ಅದರ ಬೀಜದ ಗಿಡಕ್ಕೆ ಉಪ್ಪನ್ನು ಎದುರಿಸುವ ಶಕ್ತಿ ಕಡಿಮೆ. ನಮ್ಮ ದಕ್ಷಿಣದ ತೋಟಗಳಿಗೆ ಈ ಮರ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಶ್ರೀಲಂಕಾದ ದಾರಿಯಾಗಿ. ಇಲ್ಲಿ ಹಬ್ಬಿದ ನುಣುಪು ಸಿಪ್ಪೆಯ ಹಸಿರು ಹಣ್ಣುಗಳಲ್ಲಿ ವೆಸ್ಟ್ ಇಂಡಿಯನ್ ರಕ್ತ ಹೆಚ್ಚು. ಇಸ್ರೇಲಿನಲ್ಲಿ ನೀರೂ ಸವಳು, ಮಣ್ಣೂ ಸುಣ್ಣ. ಅಲ್ಲಿನವರು ಹ್ಯಾಸ್ ಬೆಳೆಯುವಾಗಲೂ ವೆಸ್ಟ್ ಇಂಡಿಯನ್ ಸಸಿಯ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಹಿರಿಯೂರು, ಚಿತ್ರದುರ್ಗದ ಕೊಳವೆಬಾವಿಗಳ ನೀರನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ಜ್ಯೂಸ್ ಅಂಗಡಿಯ ಅಗ್ಗದ ಬೀಜವೇ ನಮಗೆ ಒಳ್ಳೆಯದು.

ಹ್ಯಾಸ್ ಹುಟ್ಟಿದ ಕತೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದೂ ಊರಿದ ಬೀಜದ ಕತೆಯೇ. ಅಂಚೆ ಹಂಚುತ್ತಿದ್ದ ರುಡಾಲ್ಫ್ ಹ್ಯಾಸ್ 1926ರ ಸುಮಾರಿಗೆ ಕ್ಯಾಲಿಫೋರ್ನಿಯದ ಲಾ ಹಾಬ್ರಾ ಹೈಟ್ಸ್ ಎಂಬಲ್ಲಿದ್ದ ತನ್ನ ಜಮೀನಿನಲ್ಲಿ ಬೀಜ ಹಾಕಿ ಸಸಿ ಎಬ್ಬಿಸಿದ. ಹೆಸರಾಂತ ತಳಿಯೊಂದನ್ನು ಅವುಗಳ ಮೇಲೆ ಕಸಿ ಮಾಡಿಸುವುದು ಅವನ ಉದ್ದೇಶ. ಒಂದು ಸಸಿಯ ಮೇಲೆ ಕಟ್ಟಿದ ಕಸಿ ಮಾತ್ರ ಹಿಡಿಯಲೇ ಇಲ್ಲ. ಕಡಿದುಹಾಕಬೇಕೆಂದಿದ್ದವನು ಕಸಿಗಾರನ ಮಾತು ಕೇಳಿ ಹಾಗೇ ಬಿಟ್ಟ. ಅದು ಫಲ ಬಿಟ್ಟಾಗ ಹಣ್ಣು ಬೇರೆಲ್ಲದಕ್ಕಿಂತ ರುಚಿಯಾಗಿತ್ತು. 1935ರಲ್ಲಿ ಆ ಮರಕ್ಕೆ ಪೇಟೆಂಟ್ ಸಿಕ್ಕಿತು. ಇಂದು ಜಗತ್ತಿನಲ್ಲಿ ಮಾರಾಟವಾಗುವ ಹ್ಯಾಸ್ ಹಣ್ಣೆಲ್ಲ ಆ ಒಂದೇ ಮರದ ಕೊಂಬೆಯಿಂದ ಕಸಿಯ ಮೇಲೆ ಕಸಿಯಾಗಿ ಬಂದ ಸಂತಾನ. ತಾಯಿ ಮರ ಬೇರು ಕೊಳೆತು 2002ರಲ್ಲಿ ಸತ್ತಿತು.

ಇದರಿಂದ ನಮಗೆ ತಿಳಿಯುವುದು ಎರಡು. ಬೀಜದಿಂದ ಹುಟ್ಟಿದ ಬೆಣ್ಣೆಹಣ್ಣು ತಾಯಿಯ ತದ್ರೂಪವಲ್ಲ, ಒಂದೊಂದು ಬೀಜವೂ ಹೊಸ ಮರ. ಇನ್ನೊಂದು, ಆ ಬೇರು ಕೊಳೆ. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಹೆಸರು ಫೈಟಾಫ್ತೊರ ಸಿನ್ನಮೊಮಿ. 1922ರಲ್ಲಿ ಸುಮಾತ್ರದ ದಾಲ್ಚಿನ್ನಿ ಮರಗಳಲ್ಲಿ ಮೊದಲು ಪತ್ತೆಯಾದದ್ದರಿಂದ ಆ ಹೆಸರು. ದಾಲ್ಚಿನ್ನಿ, ಕರ್ಪೂರದ ಮರ, ನಮ್ಮ ಪಶ್ಚಿಮ ಘಟ್ಟದ ಗುಳಮಾವು ಎಲ್ಲವೂ ಬೆಣ್ಣೆಹಣ್ಣಿನ ಕುಟುಂಬದವೇ. ನೀರು ನಿಂತ ಮಣ್ಣಿನಲ್ಲಿ ಈ ಜೀವಿಯ ಬೀಜಾಣುಗಳು ಈಜಿ ಬಂದು ಬೇರು ಸೇರುತ್ತವೆ. ಬೆಣ್ಣೆಹಣ್ಣಿನ ಬೇರಾದರೂ ಎಂಥದ್ದು? ಮಣ್ಣಿನ ಮೇಲ್ಪದರದಲ್ಲೇ ಹರಡುವಂಥದ್ದು, ಬೇರೆ ಗಿಡಗಳಿಗಿರುವಂತೆ ಕೂದಲುಬೇರು ಇಲ್ಲದ್ದು. ಅದಕ್ಕೆ ಗಾಳಿಯಾಡುವ ಸಡಿಲ ಮಣ್ಣೇ ಬೇಕು. ಆದ್ದರಿಂದ ಕಡಿಮೆ ನೀರು ಒಂದು ಕಷ್ಟವಾದರೆ ಹೆಚ್ಚು ನೀರು ಅದಕ್ಕಿಂತ ದೊಡ್ಡ ಕಷ್ಟ.

ಬೀಜ ಮೊಳೆಯಿಸುವುದಕ್ಕೆ ಎಲ್ಲರಿಗೂ ಗೊತ್ತಿರುವ ದಾರಿ, ಬೀಜಕ್ಕೆ ನಾಲ್ಕು ಕಡ್ಡಿ ಚುಚ್ಚಿ ಅದರ ಬುಡ ನೀರಿಗೆ ತಾಗುವಂತೆ ಗಾಜಿನ ಲೋಟದ ಮೇಲೆ ನಿಲ್ಲಿಸುವುದು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಅದನ್ನೇ ಮಾಡಿ. ಬೀಜ ಎರಡಾಗಿ ಸೀಳಿ ಬಿಳಿಯ ತಾಯಿಬೇರು ಕೆಳಗಿಳಿಯುವುದನ್ನು ಮಗು ತನ್ನ ಕಣ್ಣಿಂದ ನೋಡುವುದು ದೊಡ್ಡ ಸಂಗತಿ. ಗಿಡ ಗಟ್ಟಿಯಾಗಿ ಬರಬೇಕೆಂದರೆ ಮಾತ್ರ ನೇರ ಮಣ್ಣಿಗೆ ಊರುವುದೇ ಮೇಲು. ನೀರಲ್ಲಿ ಬೆಳೆದ ಬೇರು ಮಣ್ಣಿಗೆ ಹೊಂದಿಕೊಳ್ಳಲು ಮತ್ತೆ ಒದ್ದಾಡಬೇಕಾಗುತ್ತದೆ.

ಹಣ್ಣಿನ ತಿರುಳು ಒಂದಿಷ್ಟೂ ಉಳಿಯದಂತೆ ಬೀಜ ತೊಳೆಯಿರಿ. ಕಂದು ಬಣ್ಣದ ತೆಳು ಹೊರಸಿಪ್ಪೆಯನ್ನು ಉಗುರಿನಿಂದ ಬಿಡಿಸಿದರೆ ಮೊಳಕೆ ಬೇಗ ಬರುತ್ತದೆ. ಅಗಲ ಬುಡ ಕೆಳಗೆ, ಚೂಪು ತುದಿ ಮೇಲೆ, ಬೀಜದ ಮೂರನೇ ಒಂದು ಭಾಗ ಮಣ್ಣಿನಿಂದ ಹೊರಗೆ ಕಾಣುವಂತೆ ಊರಬೇಕು. ಮಣ್ಣು ತೇವವಾಗಿರಲಿ, ಕೆಸರಾಗುವುದು ಬೇಡ. ನಮ್ಮ ಜೂನ್, ಜುಲೈ ತಿಂಗಳ ಹದ ಬಿಸಿ ಇದಕ್ಕೆ ಹೇಳಿ ಮಾಡಿಸಿದ ಕಾಲ. ಮೂರು ವಾರದಿಂದ ಎರಡು ತಿಂಗಳ ನಡುವೆ ಯಾವಾಗಲಾದರೂ ಮೊಳೆಯಬಹುದು. ಒಂದೇ ದಿನ, ಒಂದೇ ಮಣ್ಣಿಗೆ ಊರಿದ ಎರಡು ಬೀಜಗಳ ನಡುವೆಯೂ ತಿಂಗಳ ಅಂತರ ಬೀಳುವುದುಂಟು. ಹಾಗಾಗಿ ನಾಲ್ಕಾರು ಬೀಜ ಒಟ್ಟಿಗೆ ಹಾಕುವುದು ಲೇಸು.

ಇಷ್ಟು ದೊಡ್ಡ ಬೀಜ ಯಾಕೆ ಎಂಬ ಪ್ರಶ್ನೆ ವಿಜ್ಞಾನಿಗಳನ್ನೂ ಕಾಡಿದೆ. ಮಧ್ಯ ಅಮೆರಿಕದ ದೊಡ್ಡ ಬೀಜದ ಹಣ್ಣುಗಳನ್ನು ನುಂಗಿ ದೂರ ಸಾಗಿಸುತ್ತಿದ್ದ ಆನೆಯಂಥ ಭಾರೀ ಪ್ರಾಣಿಗಳು ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋದವು, ಹಣ್ಣುಗಳು ಮಾತ್ರ ಉಳಿದುಕೊಂಡವು ಎಂಬ ವಾದವನ್ನು 1982ರಲ್ಲಿ ಡೇನಿಯಲ್ ಜಾನ್ಜನ್ ಮತ್ತು ಪಾಲ್ ಮಾರ್ಟಿನ್ ಮುಂದಿಟ್ಟರು. ಬೆಣ್ಣೆಹಣ್ಣನ್ನೂ ಆ ಸಾಲಿಗೆ ಸೇರಿಸುವುದುಂಟು. ಬೀಜದೊಳಗಿನ ಬುತ್ತಿ ದೊಡ್ಡದಿದ್ದಷ್ಟೂ ಸಸಿ ಕಾಡಿನ ದಟ್ಟ ನೆರಳಲ್ಲಿ, ಬೆಳಕಿಲ್ಲದೆಯೂ, ಬಹಳ ದಿನ ಬದುಕಬಲ್ಲದು. ಮರದ ಕೆಳಗಿನ ನೆರಳಿನಲ್ಲಿ ಬಾಲ್ಯ ಕಳೆಯುವ ಈ ಗುಣವೇ ಬೆಣ್ಣೆಹಣ್ಣಿನ ಸಸಿಯನ್ನು ನಮ್ಮ ಪಡಸಾಲೆಗೂ ಹೊಂದಿಸಿದೆ. ಮಾವಿನ ಓಟೆಯನ್ನು ಮನೆಯೊಳಗೆ ಊರಿದರೆ ಸಸಿ ಬಿಸಿಲಿಗಾಗಿ ಬೇಗನೆ ಹಾತೊರೆಯುತ್ತದೆ. ಇದು ಕಾಯುತ್ತದೆ.

ಮಣ್ಣಿನ ಮಾತು. ಹಿರಿಯೂರು ಕಡೆಯ ಎರೆಮಣ್ಣು ಹತ್ತಿಗೆ, ಕಡಲೆಗೆ ಬಂಗಾರ, ಈ ಕುಂಡಕ್ಕೆ ಬೇಡ. ನೀರು ಹಿಡಿದಿಡುತ್ತದೆ, ಸುಣ್ಣದ ಅಂಶವೂ ಹೆಚ್ಚು. ಸುಣ್ಣ ಹೆಚ್ಚಾದರೆ ಬೇರಿಗೆ ಕಬ್ಬಿಣ ಸಿಗದೆ, ಹೊಸ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಸಿಗುವ ಮರಳು ಬೆರೆತ ಕೆಂಪು ಮಣ್ಣು ಒಳ್ಳೆಯದು. ಅದು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಈ ನಾರಿನ ಪುಡಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ತೊಳೆಯದ ನಾರಿನ ಪುಡಿಯಲ್ಲಿ ಉಪ್ಪು ಇರುತ್ತದೆ. ಚೀಲದಿಂದ ತೆಗೆದು ಹಾಗೇ ಬೆರೆಸಿದರೆ ನಾವೇ ಕೈಯಾರೆ ಕುಂಡಕ್ಕೆ ಉಪ್ಪು ಹಾಕಿದ ಹಾಗಾಗುತ್ತದೆ. ಮೂರು ನಾಲ್ಕು ಸಲ ಒಳ್ಳೆಯ ನೀರಲ್ಲಿ ನೆನೆಸಿ ಹಿಂಡಿ ಬಳಸಬೇಕು.

ಕುಂಡ ಮಣ್ಣಿನದಾಗಿರಲಿ. ಗೋಡೆಯ ರಂಧ್ರಗಳಲ್ಲಿ ನೀರು ಉಸಿರಾಡುತ್ತದೆ, ಬೇರು ತಣ್ಣಗಿರುತ್ತದೆ. ಇನ್ನೊಂದು ಲಾಭವೂ ಇದೆ. ಕುಂಡದ ಹೊರಮೈಯಲ್ಲಿ ಬಿಳಿಯ ಪೊರೆ ಕಟ್ಟತೊಡಗಿದರೆ ಒಳಗೆ ಉಪ್ಪು ಕೂಡುತ್ತಿದೆ ಎಂಬುದು ಎಲೆ ಸುಡುವ ಮುಂಚೆಯೇ ತಿಳಿಯುತ್ತದೆ. ಪ್ಲಾಸ್ಟಿಕ್ ಕುಂಡ ಈ ಸುಳಿವು ಕೊಡುವುದಿಲ್ಲ. ತಳದ ತೂತು ದೊಡ್ಡದಿರಲಿ. ಕೆಳಗಿಟ್ಟ ತಟ್ಟೆಯಲ್ಲಿ ನಿಂತ ನೀರನ್ನು ಆಗಲೇ ಚೆಲ್ಲಬೇಕು, ಇಲ್ಲದಿದ್ದರೆ ತೊಳೆದುಹೋದ ಉಪ್ಪನ್ನು ಮಣ್ಣು ಮತ್ತೆ ಮೇಲಕ್ಕೆ ಹೀರಿಕೊಳ್ಳುತ್ತದೆ.

ನೀರಿನ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆ 600 ಮಿ.ಮೀ. ಮುಟ್ಟುವುದೇ ಕಷ್ಟ. ಬೆಣ್ಣೆಹಣ್ಣು ತನ್ನ ಮನೆ ಮಾಡಿಕೊಂಡ ಕೊಡಗಿನಲ್ಲಿ ಅದರ ಹಲವು ಪಟ್ಟು ಬೀಳುತ್ತದೆ. ಮಳೆ ಕಡಿಮೆ ಇರುವಲ್ಲಿ ಕೊಳವೆಬಾವಿ ಆಳಕ್ಕಿಳಿಯುತ್ತದೆ, ಆಳದ ನೀರು ಬಂಡೆಯ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಸೋಲಾರ್ ಹೀಟರಿನ ಪೈಪು ಕಟ್ಟುವುದು, ಬಚ್ಚಲ ನಲ್ಲಿಯ ಬಾಯಲ್ಲಿ ಬಿಳಿಯ ಗರಣೆ ನಿಲ್ಲುವುದು, ಬೇಳೆ ಬೇಯದಿರುವುದು ನಮಗೆಲ್ಲ ಗೊತ್ತಿದ್ದದ್ದೇ. ಫ್ಲೋರೈಡ್ ಕಾರಣಕ್ಕಾಗಿ ಹಳ್ಳಿ ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ನಿಂತಿರುವ ಜಿಲ್ಲೆ ಇದು.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಇಟ್ಟಿರುವ ಅಳತೆಯಲ್ಲಿ ಕರಗಿದ ಲವಣ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದ ಕಡೆ 2000 ಮಿಲಿಗ್ರಾಂವರೆಗೂ ಒಪ್ಪಬಹುದು. ಅಂದರೆ ಮನುಷ್ಯ ಕುಡಿಯಬಹುದಾದ ನೀರೇ ಈ ಗಿಡವನ್ನು ಸುಡಬಲ್ಲದು. ಟಿಡಿಎಸ್ ಅಳೆಯುವ ಪೆನ್ನಿನಂಥ ಉಪಕರಣ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಮ್ಮೆ ಅಳೆದು ನೋಡಿ. 500 ದಾಟಿದ ನೀರನ್ನು ಬೆಣ್ಣೆಹಣ್ಣಿನ ಕುಂಡಕ್ಕೆ ಹಾಕಬೇಡಿ. 300ರ ಒಳಗಿದ್ದರೆ ನೆಮ್ಮದಿ.

ನಗರದ ನಲ್ಲಿಯಲ್ಲಿ ಶಾಂತಿಸಾಗರ ಅಥವಾ ವಾಣಿವಿಲಾಸ ಸಾಗರದ ನೀರು ಬರುವ ದಿನ ಅದನ್ನು ಬಳಸಬಹುದು. ಕೆರೆಯ ನೀರು ಬೋರಿನ ನೀರಿನಷ್ಟು ಗಡಸಲ್ಲ. ಶುದ್ಧೀಕರಣಕ್ಕೆ ಬೆರೆಸುವ ಕ್ಲೋರಿನ್ ಬೇರೆ, ಎಲೆ ಸುಡುವ ಕ್ಲೋರೈಡ್ ಬೇರೆ. ನೀರನ್ನು ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಕ್ಲೋರೈಡ್ ಎಷ್ಟು ದಿನ ಇಟ್ಟರೂ ಹೋಗುವುದಿಲ್ಲ. ಕಾಯಿಸಿ ಆರಿಸಿದರೂ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ನೀರೂ ಆಗುತ್ತದೆ. ಮನೆಯ ಆರ್‌ಒ ಯಂತ್ರದ ಹಿಂದಿನ ಕೊಳವೆಯಲ್ಲಿ ಹೊರಬೀಳುವ ನೀರಿದೆಯಲ್ಲ, ವ್ಯರ್ಥವಾಗಬಾರದೆಂದು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುವ ಒಳ್ಳೆಯ ಮನಸ್ಸಿನವರು ನಮ್ಮಲ್ಲಿ ತುಂಬ ಇದ್ದಾರೆ. ಆ ನೀರಿನಲ್ಲಿ ಯಂತ್ರ ಸೋಸಿ ಬೇರ್ಪಡಿಸಿದ ಲವಣವೆಲ್ಲ ಸೇರಿರುತ್ತದೆ. ಅದು ನೆಲ ಒರೆಸಲು, ಬಚ್ಚಲು ತೊಳೆಯಲು ಇರಲಿ.

ಎಲ್ಲಕ್ಕಿಂತ ಮೇಲಿನದು ಮಳೆನೀರು. ಇದನ್ನು ದುರ್ಗದವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಏಳು ಸುತ್ತಿನ ಕೋಟೆ ಕಟ್ಟಿದವರು ಬಂಡೆಯ ಮೇಲೆ ಬಿದ್ದ ಹನಿಯನ್ನು ಬಿಡದೆ ಹಿಡಿದು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡಗಳಲ್ಲಿ ನಿಲ್ಲಿಸಿದರು. ಮೇಲಿನದು ತುಂಬಿದರೆ ಹೆಚ್ಚಾದ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ದಾರಿ ಮಾಡಿದರು. ಕೆಳಗೆ ಊರಿನಲ್ಲಿ ಸಿಹಿನೀರು ಹೊಂಡ, ಸಂತೆಹೊಂಡ ಇವೆ. ಒಣಬಂಡೆಯ ಮೇಲೆ ಒಂದು ರಾಜ್ಯ ಉಳಿದದ್ದು ಆ ಲೆಕ್ಕಾಚಾರದಿಂದ. ಇಂದು ಮನೆ ಮನೆಯ ತಾರಸಿಯೂ ಬಂಡೆಯೇ, ಮಳೆ ಬಿದ್ದು ಹರಿದು ಚರಂಡಿ ಸೇರುತ್ತಿದೆ. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಕಾಯಬೇಕಾಗುವ ಸೀಮೆಯಲ್ಲಿ ತಾರಸಿಯ ನೀರನ್ನು ಚರಂಡಿಗೆ ಬಿಡುವುದು ನನಗೆ ಯಾವತ್ತೂ ಸಂಕಟದ ಸಂಗತಿ.

ಲೆಕ್ಕ ಬಹಳ ಸರಳ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ.ನ ಒಂದೇ ಮಳೆ ಬಿದ್ದರೆ 500 ಲೀಟರ್. ಚೆಲ್ಲಿದ್ದು, ಆರಿದ್ದು ಕಳೆದರೂ 200 ಲೀಟರಿನ ಡ್ರಮ್ಮು ತುಂಬಿ ಮಿಗುತ್ತದೆ. ಗಿಡಕ್ಕೆ ಎಷ್ಟು ಬೇಕು? ಅಡಿ ಅಗಲದ ಕುಂಡದ ಗಿಡ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಒಂದೂವರೆ ಲೀಟರ್ ಕುಡಿಯುತ್ತದೆ ಎಂದುಕೊಳ್ಳೋಣ. ತಿಂಗಳಿಗೆ 15 ಲೀಟರ್. ಡಿಸೆಂಬರಿನಿಂದ ಮೇವರೆಗಿನ ಆರು ಒಣ ತಿಂಗಳಿಗೆ 90. ತಿಂಗಳಿಗೊಮ್ಮೆ ಉಪ್ಪು ತೊಳೆಯಲು ಐದು ಲೀಟರಿನಂತೆ 30 ಸೇರಿಸಿದರೆ 120 ಲೀಟರ್. ಒಂದು ಡ್ರಮ್ಮು ನೀರಲ್ಲಿ ಇಡೀ ಬೇಸಿಗೆ ದಾಟುತ್ತದೆ, ಇನ್ನೂ ಉಳಿಯುತ್ತದೆ.

ವರ್ಷದ ಮೊದಲ ಮಳೆಯ ನೀರನ್ನು ಹಿಡಿಯಬಾರದು, ತಾರಸಿಯ ದೂಳು, ಹಕ್ಕಿಯ ಹಿಕ್ಕೆ ತೊಳೆದುಹೋಗಲಿ. ಅಕ್ಟೋಬರಿನ ಹಿಂಗಾರು ಮಳೆಯಲ್ಲಿ ಡ್ರಮ್ಮು ತುಂಬಿಸಿ ನೆರಳಿನಲ್ಲಿಟ್ಟು, ಬಾಯಿಗೆ ಬಟ್ಟೆ ಬಿಗಿದು ಮುಚ್ಚಳ ಹಾಕಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ, ಆದ್ದರಿಂದ ಮುಚ್ಚಳದ ವಿಷಯದಲ್ಲಿ ಸಡಿಲ ಬೇಡ.

ನೀರು ಹಾಕುವ ಮುಂಚೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ತಳದ ತೂತಿನಿಂದ ನೀರು ಇಳಿಯುವವರೆಗೆ ಹಾಕಿ, ತೇವವಿದ್ದರೆ ಬಿಡಿ. ದಿನಕ್ಕೆ ಒಂದು ಲೋಟದಂತೆ ಚಿಮುಕಿಸುವುದು ಕೆಟ್ಟ ರೂಢಿ. ಮೇಲಿನ ಮಣ್ಣು ಸದಾ ಒದ್ದೆ, ತಳಕ್ಕೆ ನೀರೇ ಇಳಿಯದೆ ಉಪ್ಪು ಅಲ್ಲೇ ಗಟ್ಟಿಯಾಗುತ್ತದೆ. ಗೊಬ್ಬರಕ್ಕೂ ಇದೇ ಎಚ್ಚರ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪೊಟ್ಯಾಷ್, ಅಂದರೆ ಎಂಒಪಿ, ಪೊಟ್ಯಾಸಿಯಂ ಕ್ಲೋರೈಡ್. ಅಡಿಕೆಗೆ, ತೆಂಗಿಗೆ ಹಾಕುವ ಆ ಕೆಂಪು ಹರಳನ್ನು ಈ ಕುಂಡದ ಹತ್ತಿರ ತರಬೇಡಿ. ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರ ಸಾಕು. ಅಕ್ಕಿ ತೊಳೆದ ನೀರು ಹಾಕುವವರು ಹಾಕಲಿ, ಉಪ್ಪು ಬೆರೆಯದ ಮೊದಲ ತೊಳಕಲು ಮಾತ್ರ.

ಗಿಡ ಎಲ್ಲಿಡಬೇಕು? ಪೂರ್ವದ ಕಿಟಕಿ ಅತ್ಯುತ್ತಮ. ಬೆಳಗಿನ ಎಳೆಬಿಸಿಲು ಬಿದ್ದು, ಹತ್ತು ಗಂಟೆಯ ನಂತರ ಬೆಳಕಷ್ಟೇ ಸಿಗುವ ಜಾಗ. ಪಶ್ಚಿಮದ ಗೋಡೆ ಏಪ್ರಿಲಿನಲ್ಲಿ ಕಾದ ಹೆಂಚು. ನಮ್ಮೂರಿನ ಗಾಳಿಯನ್ನೂ ಮರೆಯುವಂತಿಲ್ಲ. ಜೋಗಿಮಟ್ಟಿಯ ಮೇಲೆ ನಿಂತವರಿಗೆ, ಸುತ್ತಲಿನ ಗುಡ್ಡಗಳಲ್ಲಿ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಆ ಗಾಳಿಯ ಬಲ ಗೊತ್ತು. ಆಷಾಢದ ಆ ಒಣಗಾಳಿ ಎದುರುಬದುರು ಕಿಟಕಿಗಳ ನಡುವೆ ನುಗ್ಗುವ ಜಾಗದಲ್ಲಿ ಗಿಡ ಇಟ್ಟರೆ ದೊಡ್ಡ ಎಲೆಗಳು ಹರಿದು ಜೋಲುತ್ತವೆ. ಫ್ಯಾನಿನ ನೇರ ಗಾಳಿಯೂ ಬೇಡ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ದೂಳು ಒರೆಸಿದರೆ ಕೆಂಪು ನುಸಿಯ ಕಾಟವೂ ಕಡಿಮೆಯಾಗುತ್ತದೆ. ಎಲೆಯ ಕಂಕುಳಲ್ಲಿ ಹತ್ತಿಯ ಹಾಗೆ ಬಿಳಿಯ ಹಿಟ್ಟುತಿಗಣೆ ಕಂಡರೆ ಒರೆಸಿ ತೆಗೆದು, ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಲ್ಲಿ ಕದಡಿ ಸಂಜೆ ಹೊತ್ತು ಸಿಂಪಡಿಸಿ.

ಸಸಿ ಒಂದಡಿ ಎತ್ತರವಾದಾಗ ಕುಡಿ ಚಿವುಟಬೇಕು. ಇದಕ್ಕೆ ಮನಸ್ಸು ಬರುವುದಿಲ್ಲ, ಆದರೆ ಮಾಡಬೇಕು. ಚಿವುಟದೆ ಬಿಟ್ಟ ಬೆಣ್ಣೆಹಣ್ಣು ಒಂದೇ ಕೋಲಾಗಿ ಮೇಲೆದ್ದು, ತುದಿಯಲ್ಲಿ ಮಾತ್ರ ಎಲೆ ಹೊತ್ತು, ಕೊನೆಗೆ ಬಾಗುತ್ತದೆ. ಚಿವುಟಿದರೆ ಕೆಳಗಿನ ಕಣ್ಣುಗಳು ಒಡೆದು ಮೂರು ನಾಲ್ಕು ಕವಲು ಬರುತ್ತವೆ. ಆ ಕವಲುಗಳು ಗೇಣುದ್ದ ಬೆಳೆದಾಗ ಅವನ್ನೂ ಚಿವುಟಿ. ಹೊಸ ಚಿಗುರು ತಾಮ್ರದ ಬಣ್ಣದಲ್ಲಿ ಜೋತುಬಿದ್ದಂತೆ ಬರುತ್ತದೆ, ಬಾಡಿತೆಂದು ಹೆದರಬಾರದು. ಹತ್ತು ಹದಿನೈದು ದಿನದಲ್ಲಿ ಹಸಿರಾಗಿ ನೆಟ್ಟಗಾಗುತ್ತದೆ. ಹೊಸ ಚಿಗುರಿನ ಕಾಲಕ್ಕೆ ಹಳೆಯ ಎಲೆ ಕೆಲವು ಉದುರುವುದೂ ಸಹಜ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಹಣ್ಣು ಯಾವಾಗ? ಮನೆಯೊಳಗಿನ ಬೀಜದ ಗಿಡದಿಂದ ಹಣ್ಣು ನಿರೀಕ್ಷಿಸಬೇಡಿ. ತೋಟದಲ್ಲೇ ಬೀಜದ ಮರ ಫಲಕ್ಕೆ ಬರಲು ಐದಾರು ವರ್ಷದಿಂದ ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಹೂವಿನ ಸ್ವಭಾವವೂ ವಿಚಿತ್ರವಾದದ್ದು. ಒಂದೇ ಹೂವು ಎರಡು ಸಲ ಅರಳುತ್ತದೆ, ಮೊದಲ ಸಲ ಹೆಣ್ಣಾಗಿ, ಮುಚ್ಚಿ ತೆರೆದ ಮೇಲೆ ಗಂಡಾಗಿ. 'ಎ' ಬಗೆಯ ಮರಗಳ ಹೂವು ಬೆಳಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. 'ಬಿ' ಬಗೆಯದು ಮಧ್ಯಾಹ್ನ ಹೆಣ್ಣು, ಮರುದಿನ ಬೆಳಗ್ಗೆ ಗಂಡು. ಎರಡು ಬಗೆಯ ಮರಗಳು ಹತ್ತಿರವಿದ್ದು, ನಡುವೆ ಜೇನು ಓಡಾಡಿದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಪಡಸಾಲೆಯಲ್ಲಿ ಇದು ಆಗುವ ಮಾತಲ್ಲ. ಅಂಗೈ ಅಗಲದ ಹೊಳೆಯುವ ಎಲೆ, ಒಣಸೀಮೆಯ ಮನೆಯೊಳಗೆ ಕಾಡಿನ ನೆರಳಿನ ಒಂದು ತುಣುಕು, ನನಗೆ ಅಷ್ಟೇ ಸಾಕೆನಿಸುತ್ತದೆ. ಹಣ್ಣೇ ಬೇಕಾದವರು ಈ ಗಿಡವನ್ನು ಮುಂದೆ ತೋಟಕ್ಕೆ ಇಳಿಸಬಹುದು.

ಅದಕ್ಕೆ ಮೊದಲು, ಈ ಜಿಲ್ಲೆಯವರಿಗೆ ಎಲ್ಲಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆ. ಸವರಿದ ಸೊಪ್ಪನ್ನು ಮೇಕೆಯ ಮುಂದೆ ಹಾಕುವುದು ನಮ್ಮಲ್ಲಿ ಕೇಳಿ ಮಾಡುವ ಕೆಲಸವಲ್ಲ, ಕೈ ತಾನಾಗಿಯೇ ಮಾಡುತ್ತದೆ. ಬೆಣ್ಣೆಹಣ್ಣಿನ ಸೊಪ್ಪನ್ನು ಮಾತ್ರ ಹಾಗೆ ಹಾಕಬಾರದು. ಅದರ ಎಲೆ, ತೊಗಟೆ, ಬೀಜಗಳಲ್ಲಿ ಪರ್ಸಿನ್ ಎಂಬ ವಿಷವಸ್ತುವಿದೆ. ಮನುಷ್ಯರಿಗೆ ಹಣ್ಣಿನ ತಿರುಳಿನಿಂದ ತೊಂದರೆಯಿಲ್ಲ, ಆದರೆ ಎಲೆ ತಿಂದ ಹಾಲಿನ ಮೇಕೆಗೆ ಕೆಚ್ಚಲು ಬಾತು ಹಾಲು ಇಳಿದುಹೋಗುತ್ತದೆ. ಹೆಚ್ಚು ತಿಂದರೆ ಮೇಕೆ, ಕುರಿ, ಕುದುರೆಗಳ ಹೃದಯದ ಸ್ನಾಯುವೇ ಕೆಟ್ಟು ಸಾವು ಬರಬಹುದು. ಹಸುವಿಗೂ, ಮೊಲಕ್ಕೂ ಇದು ಆಗದು. ಪಂಜರದಲ್ಲಿ ಗಿಳಿ, ಲವ್ ಬರ್ಡ್ಸ್ ಸಾಕುವವರು ಇನ್ನೂ ಜಾಗ್ರತೆ ವಹಿಸಬೇಕು, ಹಕ್ಕಿಗಳಿಗೆ ಹಣ್ಣಿನ ತಿರುಳೂ ಅಪಾಯ. ಕುರಿಹಟ್ಟಿಗಳೇ ತುಂಬಿರುವ ಹಿರಿಯೂರು ಸೀಮೆಯಲ್ಲಿ ಈ ಗಿಡ ಹಂಚುವವರು ಬೀಜದ ಜೊತೆ ಈ ಮಾತನ್ನೂ ಹೇಳಿ ಕೊಡಬೇಕು. ಸವರಿದ ಸೊಪ್ಪು ಮುಚ್ಚಿದ ಗೊಬ್ಬರದ ಗುಂಡಿಗೆ ಹೋಗಲಿ.

ತೋಟಕ್ಕೆ ಇಳಿಸುವವರಿಗೆ ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೆಂಗಿನ ತೋಟಗಳ ಅಂಚು ಒಳ್ಳೆಯ ಜಾಗ. ಅರೆನೆರಳು ಸಿಗುತ್ತದೆ, ಗಾಳಿಗೆ ತಡೆ ಇರುತ್ತದೆ. ಕಾಂಡ ಪೆನ್ಸಿಲಿನಷ್ಟು ದಪ್ಪವಾದ ಸಸಿಯ ಮೇಲೆ ಒಳ್ಳೆಯ ತಳಿಯ ಕುಡಿಯನ್ನು ಕಸಿ ಕಟ್ಟಿಸಿದರೆ ನೆಟ್ಟ ಮೂರು ನಾಲ್ಕು ವರ್ಷಕ್ಕೆ ಫಲ ಕಾಣಬಹುದು. ಬೇರು ಉಪ್ಪು ತಾಳುವ ನಮ್ಮ ಬೀಜದ್ದು, ಕೊಂಬೆ ಆರಿಸಿದ ತಳಿಯದ್ದು. ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕೆ ಪ್ರಯೋಗ ಕೇಂದ್ರ ಆರಿಸಿ ಕೊಟ್ಟಿರುವ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ತಳಿಗಳು ನಮ್ಮ ರಾಜ್ಯದವೇ. ಮಣ್ಣು, ನೀರಿನ ಪರೀಕ್ಷೆಯ ಬಗ್ಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ನೆಡುವುದು ಮುಂಗಾರು ಹಿಡಿದ ಮೇಲೆ. ಮನೆಯೊಳಗೆ ಬೆಳೆದ ಗಿಡವನ್ನು ಒಂದೇ ದಿನ ಬಯಲಿಗೆ ಒಯ್ದು ನೆಟ್ಟರೆ ಎಲೆ ಬೇಯುತ್ತದೆ. ಮೊದಲು ಎರಡು ಮೂರು ವಾರ ಜಗಲಿಯಲ್ಲಿ, ಆಮೇಲೆ ಮರದ ನೆರಳಲ್ಲಿ ಇಟ್ಟು ರೂಢಿ ಮಾಡಬೇಕು. ಗುಂಡಿಗಿಂತ ದಿಬ್ಬವೇ ಲೇಸು. ಒಂದೂವರೆ ಅಡಿ ಎತ್ತರಕ್ಕೆ ಮಣ್ಣು ಏರಿಸಿ ಅದರ ಮೇಲೆ ನೆಟ್ಟರೆ ಬುಡದಲ್ಲಿ ನೀರು ನಿಲ್ಲುವುದಿಲ್ಲ. ಎಳೆಯ ಕಾಂಡದ ತೊಗಟೆ ಬಿಸಿಲಿಗೆ ಸೀಳದಂತೆ ಸುಣ್ಣ ಬಳಿಯಿರಿ. ಬುಡಕ್ಕೆ ಒಣಗಿದ ಅಡಿಕೆ ಸೋಗೆಯ ಮುಚ್ಚಿಗೆ ಹಾಕಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು. ಮೊದಲ ಎರಡು ಬೇಸಿಗೆ ಪಶ್ಚಿಮದ ಕಡೆ ತೆಂಗಿನ ಗರಿಯ ತಟ್ಟಿ ಕಟ್ಟಿ ನೆರಳು ಮಾಡಬೇಕು. ಆಡು ನುಗ್ಗದ ಹಾಗೆ ಬೇಲಿ ಬೇಕೇ ಬೇಕು. ಹನಿ ನೀರಾವರಿಯ ನೀರು ಸವಳಾಗಿದ್ದರೆ ದಿನವೂ ಚೂರುಪಾರು ಕೊಡದೆ, ವಾರಕ್ಕೊಮ್ಮೆ ಬುಡದ ಮಣ್ಣು ಆಳದವರೆಗೂ ನೆನೆಯುವಷ್ಟು ಹೊತ್ತು ಬಿಡಿ.